ಎಣಿಕೆಯಲ್ಲಿ ಹನ್ನೊಂದು ಕಮ್ಮಿ

ಮೂರು ತಿಂಗಳಿಗೊಮ್ಮೆ, ಮಂಗಳವಾರ,
ರುದ್ನಿಕ್‌ನಿಂದ ಝೆಶುಫ್‌ಗೆ ಮೊದಲ ಬಸ್ಸು ಹಿಡಿದು
ಬರುತ್ತಾಳೆ ಗೆನೊವೆಫಾ. ಬಂದವಳು
ಬಲಗಿವಿ ನನ್ನ ಕಡೆಗಿರುವಂತೆ
ಕುರ್ಚಿ ಎಳೆದುಕೊಳ್ಳುತ್ತಾಳೆ.
ಎಡಗಿವಿ ಓಲೆ ತೂಗುಹಾಕಲಿಕ್ಕೆ ಮಾತ್ರ, ಇದು ಅವಳದೇ ಮಾತು.

ಅದರ ಹಿಂದೆ, ಕೇಳುವ ನರ ಮೆದುಳಿಗೆ ಕಾಲಿಡುವ ಹೊಸ್ತಿಲಲ್ಲಿ
ಒಂದು ಗಂಟು. ಹದಿನಾಲ್ಕು ಮಿಲಿಮೀಟರ್.
ಕೊಲ್ಲುವ ಜಾತಿಯದಲ್ಲ ಅನ್ನುತ್ತಾರೆ ಡಾಕ್ಟರು,
ಬೆಳೆಯುವ ಜಾತಿಯದು.
ಅದರೊಳಗೆ ಉರಿ, ಉರಿಯ ಬೆನ್ನಿಗೆ ಊತ.
ಉರಿ ಆರಿಸಿದರೆ ಗಂಟು ನಿಂತೀತೆ?
ಸೊಂಟ ಉಳುಕಿದರೆ ನುಂಗುವ ಅಗ್ಗದ ಮಾತ್ರೆ
ಇಷ್ಟು ಒಳಗಿನ ಬಾಗಿಲು ತಟ್ಟೀತೆ?
ಯಾರಿಗೂ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕೇ ನನಗೆ ಸಂಬಳ.

ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಹಿಟ್ಟು.
ಒಂದೇ ಬಣ್ಣ, ಒಂದೇ ತೂಕ, ನಾಲಿಗೆಗೆ ಒಂದೇ ನುಣುಪು.
ಯಾರಿಗೆ ಯಾವುದು ಎಂಬುದು
ಬೇರೊಂದು ಊರಿನ ಕಂಪ್ಯೂಟರಿಗೆ ಗೊತ್ತು, ನನಗಲ್ಲ.
ಮಾತ್ರೆ ಎಣಿಸುವವಳು ನಾನು, ಛಂದಸ್ಸು ಬಾರದವಳು.
ಉಳಿದು ಬಂದದ್ದನ್ನು ನೀಲಿ ತಟ್ಟೆಗೆ ಸುರಿದು
ಐದೈದಾಗಿ ಸರಿಸುತ್ತೇನೆ.

ಇವಳ ಮನೆತನ ವಿಲೋ ಕೋಲಿನದು.
ಸಾನ್ ನದಿಯ ಬಯಲಲ್ಲಿ ಕಡಿದು, ಹೊರೆ ಕಟ್ಟಿ,
ಆಳೆತ್ತರದ ಕಡಾಯಿಯಲ್ಲಿ ಬೇಯಿಸಿ,
ತೊಗಟೆ ಸುಲಿದು, ಬುಟ್ಟಿ ಹೆಣೆದವರು.
ಜ್ವರ ಬಂದರೆ ಅಜ್ಜಿ ಅದೇ ತೊಗಟೆಯ ಕಷಾಯ
ಮೂಗು ಹಿಡಿದು ಕುಡಿಸುತ್ತಿದ್ದಳಂತೆ.
"ನೀವು ಕೊಡೋದು ಅದರ ಮೊಮ್ಮಗೂನೇ ತಾನೆ?"
ಮೊದಲ ದಿನ ಕೇಳಿದ್ದಳು.
ಹೌದು ಅಂದೆ. ಅಲ್ಲದೆಯೂ ಇರಬಹುದು ಅಂದೆ.

ಇವತ್ತು, ಮುಚ್ಚಳವಿರುವ ಪುಟ್ಟ ಬುಟ್ಟಿಯಿಂದ
ಸೀಸೆ ತೆಗೆದು ಮೇಜಿನ ಮೇಲಿಟ್ಟಳು.
ಎಣಿಕೆಯಲ್ಲಿ ಹನ್ನೊಂದು ಕಮ್ಮಿ.
ಇನ್ನೊಮ್ಮೆ ಎಣಿಸಿದೆ. ಹನ್ನೊಂದೇ.
ಹೆಚ್ಚು ನುಂಗಿದಿರಾ? ಚೆಲ್ಲಿದವಾ?
"ಅಕ್ಕನಿಗೆ ಕೊಟ್ಟೆ. ಲೆಯೊಕಾದಿಯಾಗೆ. ಮಂಡಿ ಹಿಡಕೊಂಡಿತ್ತು.
ದಿನಕ್ಕೊಂದರಂತೆ ಹನ್ನೊಂದು ದಿನ.
ಒಂಚೂರೂ ಇಳೀಲಿಲ್ಲ ನೋವು.
ಅಂದಮೇಲೆ ನನ್ನದು ಹಿಟ್ಟು."

ಒಗಟು ಬಿಡಿಸಿದವಳ ಹಾಗೆ ನಕ್ಕಳು.
ಆಮೇಲೆ ಆ ನಗುವನ್ನು ಎಲ್ಲಿಡಬೇಕೋ ತೋಚದೆ
ಮಡಿಲಲ್ಲಿದ್ದ ಕೈ ನೋಡಿಕೊಂಡಳು.
ಬೆರಳ ತುದಿಗಳಲ್ಲಿ ಐವತ್ತು ವರ್ಷದ ಸೀಳುಗಳು.

ಹೌದೆನ್ನಲಾರೆ. ಅಲ್ಲವೆನ್ನಲಾರೆ.
ಕೆಲವು ಮಂಡಿಗಳು ನಿಜದ ಮದ್ದಿಗೂ ಬಗ್ಗುವುದಿಲ್ಲ ಅಂದೆ.
ಪರದೆ ಅವಳತ್ತ ತಿರುಗಿಸಿದೆ:
ಕತ್ತಲ ತಲೆಬುರುಡೆ, ಅಂಚಿನಲ್ಲಿ ಬಿಳಿ ಬಟಾಣಿ.
ಹದಿನಾಲ್ಕು. ಕಳೆದ ಸಲವೂ ಹದಿನಾಲ್ಕು.
ಅದರ ಹಿಂದಿನ ಸಲವೂ.
"ಹಿಟ್ಟಿಗೇ ಹೆದರಿತೆ?" ಎಂದಳು.

ಮದ್ದಿಗೆ ನಿಂತಿತೋ, ತಾನಾಗಿ ದಣಿಯಿತೋ,
ಹೊಸ್ತಿಲಲ್ಲಿ ಕೂತು ಸುಮ್ಮನೆ ಕಾಯುತ್ತಿದೆಯೋ.
ಅರ್ಜಿ ತೆರೆದೆ. ನಿಯಮ ಮೀರಿದ ವಿವರ:
ಮಾತ್ರೆ, ಹನ್ನೊಂದು. ಕಾರಣ ಎಂಬ ಗೆರೆಯಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತು
ಬರೆಯಿತು: ಅಕ್ಕ.

ಕಡೆಯ ಪ್ರಶ್ನೆ ಪ್ರತಿಸಲದ್ದೇ.
ಕೇಳದ ಕಿವಿಯೊಳಗಿನ ಸದ್ದು, ಹತ್ತಕ್ಕೆ ಎಷ್ಟು?
ಅವಳಿಗೆ ಅದು ಕಡಾಯಿ, ಕೋಲು ಬೇಯುವ ಸದ್ದು,
ರಾತ್ರಿಯೂ ಇಳಿಸದ ಒಲೆ.
ಈ ಸಲ ಕಣ್ಣು ಮುಚ್ಚಿ, ತಲೆ ಓರೆ ಮಾಡಿ,
ದೂರದ ಮನೆಯೊಂದನ್ನು ಆಲಿಸುವಂತೆ ಆಲಿಸಿ ಅಂದಳು:
"ಉರಿ ಸಣ್ಣ ಮಾಡಿದ ಹಾಗಿದೆ.
ಅಥವಾ ಕಡಾಯಿಯಲ್ಲಿ ನೀರೇ ಆರಿತೋ."

ಎಷ್ಟು ಅಂತ ಬರೆಯಲಿ, ಪಾನಿ ಗೆನೊವೆಫಾ?

ಹೊಸ ಸೀಸೆಯನ್ನು ಬುಟ್ಟಿಗಿಟ್ಟು
ಮುಚ್ಚಳದ ಕೊಕ್ಕೆ ಸಿಕ್ಕಿಸುತ್ತಿದ್ದಳು.
ನಾನು ಅವಳ ಎಡಕ್ಕೆ ನಿಂತಿದ್ದೆ.